ಪ್ಲಾಟಿನಿಯ ಅಜ್ಜನ ಊರು ಯಾವುದು, ಮೇಷ್ಟ್ರೇ?

ಹಾಸನ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರಾಂಶ ಹೀಗಿದೆ: "ಫ್ರಾನ್ಸ್ ಫುಟ್‌ಬಾಲ್ ತಂಡದ ಫೋಟೋ ನೋಡಿದರೆ ಅದು ಯುರೋಪಿನದೋ ಆಫ್ರಿಕಾದ್ದೋ ಗೊತ್ತಾಗುವುದಿಲ್ಲ. ಪ್ಲಾಟಿನಿ ಕಾಲದಲ್ಲಿ ಅಪ್ಪಟ ಫ್ರೆಂಚ್ ತಂಡ ಇತ್ತು. ಈಗ ಬಡ ದೇಶಗಳ ಹುಡುಗರನ್ನು ಹಿಡಿದು ತಂದು ಕಪ್ ಗೆಲ್ಲುತ್ತಾರೆ. ಅವರಲ್ಲಿ ಎಷ್ಟೋ ಜನ ರಾಷ್ಟ್ರಗೀತೆಯನ್ನೂ ಹಾಡುವುದಿಲ್ಲ. ಇದನ್ನು ರಾಷ್ಟ್ರೀಯ ತಂಡ ಅನ್ನಬಹುದೇ? ನಿಮ್ಮ ಪತ್ರಿಕೆಗೆ ಇದನ್ನು ಬರೆಯುವ ಧೈರ್ಯ ಇದೆಯೇ?"

ಮೇಷ್ಟ್ರೇ, ಧೈರ್ಯದ ಮಾತು ಬಿಡಿ. ಈ ವಿಷಯ ಬರೆಯಬೇಕೆಂದು ನನಗೆ ಬಹಳ ವರ್ಷಗಳಿಂದ ಆಸೆ ಇತ್ತು. ನಿಮ್ಮ ಪತ್ರದಿಂದ ಅದಕ್ಕೆ ದಾರಿ ಆಯಿತು. ಅದೂ ಅಲ್ಲದೆ ನೀವು ಕೈಬರಹದಲ್ಲಿ, ತಪ್ಪಿಲ್ಲದ ಕನ್ನಡದಲ್ಲಿ, ನಿಮಗೆ ಅನಿಸಿದ್ದನ್ನು ನೇರವಾಗಿ ಬರೆದಿದ್ದೀರಿ. ಹಾಗಾಗಿ ನಾನೂ ನೇರವಾಗಿಯೇ ಉತ್ತರಿಸುತ್ತೇನೆ.

ನಿಮ್ಮ ಮಾತಿನಲ್ಲಿ ಒಂದು ನಿಜ ಇದೆ, ಒಪ್ಪುತ್ತೇನೆ. ಫ್ರಾನ್ಸ್ ಆಫ್ರಿಕಾದ ದೊಡ್ಡ ಭಾಗವನ್ನು ಆಳಿದ ದೇಶ. ವಸಾಹತು ಇಲ್ಲದಿದ್ದರೆ ಈ ತಂಡ ಹೀಗೆ ಇರುತ್ತಿರಲಿಲ್ಲ. ಆ ಅನ್ಯಾಯ ಸಣ್ಣದಲ್ಲ. ಆದರೆ "ಅಪ್ಪಟ" ಎಂದು ಬರೆದಿರಲ್ಲ, ಅದನ್ನು ಮಾತ್ರ ಹಾಗೇ ಬಿಡಲಾಗುವುದಿಲ್ಲ.

1980ರ ದಶಕದ ಫ್ರಾನ್ಸ್ ಕ್ಯಾಪ್ಟನ್ ಮಿಷೆಲ್ ಪ್ಲಾಟಿನಿಯಿಂದಲೇ ಶುರು ಮಾಡೋಣ. ಆತ ಹುಟ್ಟಿದ್ದು ಲೊರೇನ್ ಪ್ರಾಂತ್ಯದ ಜೋಫ್ ಎಂಬ ಸಣ್ಣ ಊರಿನಲ್ಲಿ. ಕಬ್ಬಿಣದ ಗಣಿ, ಉಕ್ಕಿನ ಕಾರ್ಖಾನೆಗಳ ಸೀಮೆ ಅದು. ಆತನ ಅಜ್ಜ ಇಟಲಿಯ ಪೀಡ್‌ಮಾಂಟ್ ಕಡೆಯಿಂದ ಕೆಲಸ ಹುಡುಕಿಕೊಂಡು ಅಲ್ಲಿಗೆ ಬಂದವರು. 1984ರ ಯುರೋ ಕಪ್‌ನಲ್ಲಿ ಐದು ಪಂದ್ಯಗಳಲ್ಲಿ ಒಂಬತ್ತು ಗೋಲು ಹೊಡೆದ ಪ್ಲಾಟಿನಿ ಇಟಲಿಯಿಂದ ವಲಸೆ ಬಂದವರ ಮೊಮ್ಮಗ. ಆ ತಂಡದ ಮಿಡ್‌ಫೀಲ್ಡ್ ನಾಲ್ವರನ್ನು ನೀವು ಮರೆತಿರಲಾರಿರಿ. ಅವರಲ್ಲಿ ಜಾನ್ ಟಿಗಾನಾ ಹುಟ್ಟಿದ್ದು ಮಾಲಿಯ ಬಮಾಕೊದಲ್ಲಿ. ಲೂಯಿ ಫರ್ನಾಂಡಿಸ್ ಹುಟ್ಟಿದ್ದು ಸ್ಪೇನ್‌ನ ದಕ್ಷಿಣ ತುದಿಯ ತರೀಫಾದಲ್ಲಿ. ಅದಕ್ಕೂ ಎರಡು ವರ್ಷ ಮೊದಲು, 1982ರಲ್ಲಿ, ಸೆವಿಲ್‌ನ ಆ ಸಂಕಟದ ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ವಿರುದ್ಧ ಹೆಚ್ಚುವರಿ ಸಮಯದ ಮೊದಲ ಗೋಲು ಹೊಡೆದವನು ಕೆರಿಬಿಯನ್‌ನಲ್ಲಿ ಫ್ರಾನ್ಸಿಗೆ ಸೇರಿದ ಗ್ವಾಡೆಲೂಪ್ ದ್ವೀಪದ ಮಾರಿಯುಸ್ ಟ್ರೆಸೋರ್. ನಿಮ್ಮ ಅಪ್ಪಟ ತಂಡ ಇದೇ ಮೇಷ್ಟ್ರೇ.

ಇನ್ನೂ ಹಿಂದಕ್ಕೆ ಹೋಗೋಣ. ವಿಶ್ವಕಪ್ ಅನ್ನೋದು ಶುರುವಾಗಿದ್ದೇ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಅಧ್ಯಕ್ಷರಾಗಿದ್ದ ಫ್ರಾನ್ಸಿನ ಜೂಲ್ ರಿಮೆ ಹಟದಿಂದ. 1930ರಲ್ಲಿ ಅವರು ಕಪ್ಪನ್ನು ಜೊತೆಗಿಟ್ಟುಕೊಂಡು, ಫ್ರಾನ್ಸ್ ತಂಡ ಹೋದ ಹಡಗಿನಲ್ಲೇ ಉರುಗ್ವೆಗೆ ಹೋದರು. ಜುಲೈ 13ರಂದು ಮೆಕ್ಸಿಕೊ ವಿರುದ್ಧ ವಿಶ್ವಕಪ್ ಇತಿಹಾಸದ ಮೊದಲ ಗೋಲು ಹೊಡೆದವನು ಲೂಸಿಯಾ ಲೋರಾ. ಆತ ಪೆಜೊ ಕಾರು ಕಾರ್ಖಾನೆಯ ನೌಕರ. 1930ರ ಆ ತಂಡದಲ್ಲಿ, ಫ್ರಾನ್ಸ್ 1998ರಲ್ಲಿ ಕಪ್ ಗೆದ್ದಿದ್ದನ್ನು ನೋಡಲು ಬದುಕಿದ್ದವನು ಆತನೊಬ್ಬನೇ. ಆಗ ವಯಸ್ಸು 90.

ಆ ತಂಡದ ಕ್ಯಾಪ್ಟನ್ ಅಲೆಕ್ಸಾಂಡ್ರ ವಿಲಾಪ್ಲಾನ್ ಕತೆ ಬೇರೆ. ಅಲ್ಜೀರ್ಸ್‌ನಲ್ಲಿ ಹುಟ್ಟಿದ ಯುರೋಪಿಯನ್ ವಲಸಿಗರ ಮಗ. ಮೈಬಣ್ಣ ನೋಡಿ ಲೆಕ್ಕ ಹಾಕುವವರ ಪಾಲಿಗೆ ಯಾವ ಅನುಮಾನವೂ ಇಲ್ಲದ ಫ್ರೆಂಚ್ ಮನುಷ್ಯ. ಎರಡನೇ ಮಹಾಯುದ್ಧದಲ್ಲಿ ಅವನು ನಾಜಿಗಳ ಜೊತೆ ಸೇರಿ ತನ್ನದೇ ದೇಶದ ಜನರನ್ನು ಕೊಲ್ಲಿಸಿದ. 1944ರ ಡಿಸೆಂಬರ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಇತ್ತ 1931ರಲ್ಲಿ ಫ್ರಾನ್ಸ್ ಪರ ಆಡಿದ ಮೊದಲ ಕಪ್ಪು ಆಟಗಾರ ರಾವುಲ್ ಡಿಯಾನ್. ಅವನ ತಂದೆ ಬ್ಲೇಜ್ ಡಿಯಾನ್ ಸೆನೆಗಲ್‌ನಿಂದ ಆರಿಸಿ ಬಂದು ಪ್ಯಾರಿಸ್‌ನ ಸಂಸತ್ತಿನಲ್ಲಿ ಕೂತವರು. ಅಂದರೆ ನೀವು "ಈಗ" ಅಂದಿದ್ದು ತೊಂಬತ್ತು ವರ್ಷಕ್ಕೂ ಹಳೆಯದು.

1958ರ ತಂಡದ ಬಗ್ಗೆ ನನಗೆ ಬೇರೆಯೇ ಪ್ರೀತಿ. ರೇಮೊ ಕೊಪಾ ಅಂತ ಒಬ್ಬ ಇದ್ದ. ಪೂರ್ತಿ ಹೆಸರು ಕೊಪಾಶೆವ್ಸ್ಕಿ. ಪೋಲೆಂಡಿನಿಂದ ಬಂದ ಗಣಿ ಕಾರ್ಮಿಕರ ಮನೆಯ ಹುಡುಗ. ಮೀಸೆ ಮೂಡುವ ವಯಸ್ಸಿಗೇ ಕಲ್ಲಿದ್ದಲ ಗಣಿಗೆ ಇಳಿದ. ಅಲ್ಲೇ ಒಂದು ಅಪಘಾತದಲ್ಲಿ ಎಡಗೈ ಬೆರಳಿನ ತುದಿ ಹೋಯಿತು. ಅದೇ ಹುಡುಗ ರಿಯಲ್ ಮ್ಯಾಡ್ರಿಡ್‌ನಲ್ಲಿ ಆಡಿ ಸತತ ಮೂರು ಯುರೋಪಿಯನ್ ಕಪ್ ಗೆದ್ದ. 1958ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುವ ಚಿನ್ನದ ಚೆಂಡು ಅವನ ಕೈ ಸೇರಿತು. ಅವನು ಕೊಟ್ಟ ಪಾಸುಗಳನ್ನು ಗೋಲು ಮಾಡಿದವನು ಜುಸ್ಟ್ ಫೋಂತೇನ್. ಹುಟ್ಟಿದ್ದು ಮೊರಾಕ್ಕೊದ ಮರಾಕೆಶ್‌ನಲ್ಲಿ. ಆ ವರ್ಷದ ವಿಶ್ವಕಪ್‌ಗೆ ಸ್ವೀಡನ್‌ಗೆ ಹೋದಾಗ ಅವನ ಶೂ ಕಿತ್ತುಹೋಯಿತು. ಆಗ ಶೂ ಕೊಡಲು ಕಂಪನಿಗಳು ಸಾಲು ನಿಂತಿರಲಿಲ್ಲ. ತಂಡದಲ್ಲೇ ಬದಲಿ ಆಟಗಾರನಾಗಿದ್ದ ಸ್ಟೆಫಾನ್ ಬ್ರೂಯೆಯ ಶೂ ಅಳತೆ ಸರಿಹೋಯಿತು ಅಂತ ಅದನ್ನೇ ಕೇಳಿ ಹಾಕಿಕೊಂಡು ಫೋಂತೇನ್ ಆಡಿದ. ಒಂದೇ ವಿಶ್ವಕಪ್‌ನಲ್ಲಿ 13 ಗೋಲು ಬಂದವು. ಇವತ್ತಿಗೂ ಆ ದಾಖಲೆ ಮುರಿದವರಿಲ್ಲ.

ಅದೇ ವರ್ಷ ಏಪ್ರಿಲ್‌ನಲ್ಲಿ ಇನ್ನೊಂದು ನಡೆಯಿತು. ಫ್ರಾನ್ಸಿನ ಕ್ಲಬ್ಬುಗಳಲ್ಲಿ ಹೆಸರು ಮಾಡಿದ್ದ, ಆಗ ಫ್ರಾನ್ಸಿನ ಆಳ್ವಿಕೆಯಲ್ಲೇ ಇದ್ದ ಅಲ್ಜೀರಿಯಾದ ಆಟಗಾರರು ಯಾರಿಗೂ ಹೇಳದೆ ದೇಶ ಬಿಟ್ಟು ಟ್ಯುನಿಷಿಯಾದ ಟ್ಯುನಿಸ್ ಸೇರಿದರು. ಸಾಂತ್ ಎತಿಯೆನ್‌ನ ರಶೀದ್ ಮೆಖ್ಲೂಫಿ, ಮೊನಾಕೊದ ಮುಸ್ತಫಾ ಜಿತೂನಿ ಇಬ್ಬರಿಗೂ ವಿಶ್ವಕಪ್‌ನಲ್ಲಿ ಫ್ರಾನ್ಸ್ ಪರ ಆಡುವ ಅವಕಾಶ ಕಣ್ಣೆದುರೇ ಇತ್ತು. ಅದನ್ನು ಬಿಟ್ಟು, ಇನ್ನೂ ಹುಟ್ಟದೇ ಇದ್ದ ದೇಶದ ತಂಡಕ್ಕೆ ಆಡಲು ಹೋದರು. ಫಿಫಾ ಆ ತಂಡವನ್ನು ಒಪ್ಪಲಿಲ್ಲ. ಅಲ್ಜೀರಿಯಾ ಸ್ವತಂತ್ರವಾದದ್ದು 1962ರಲ್ಲಿ. ಆಮೇಲೆ ಮೆಖ್ಲೂಫಿ ಸಾಂತ್ ಎತಿಯೆನ್‌ಗೇ ವಾಪಸ್ ಬಂದು ಆಡಿದ, ಜನ ಅವನನ್ನು ಮತ್ತೆ ಎತ್ತಿಕೊಂಡರು. ಆ ಆಟಗಾರರನ್ನು ಯಾರೂ "ಹಿಡಿದು ತಂದು" ಆಡಿಸಲಿಲ್ಲ. ಹೋಗುವಾಗಲೂ ಬರುವಾಗಲೂ ಅವರ ನಿರ್ಧಾರ ಅವರದೇ ಆಗಿತ್ತು. ಆಟಗಾರನಿಗೆ ತಲೆಯೂ ಇದೆ, ಮನಸ್ಸೂ ಇದೆ ಅನ್ನೋದನ್ನು ನಾವು ಯಾಕೆ ಮರೀತೀವಿ?

1998ರ ವಿಷಯ ನಿಮಗೆ ಗೊತ್ತಿರುತ್ತದೆ. ಫೈನಲ್ ನಮ್ಮಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಬಂತು. ನಮ್ಮ ಓಣಿಯಲ್ಲಿ ಎಚ್ಚರ ಇದ್ದದ್ದು ಒಂದೇ ಮನೆ, ಅಲ್ಲಿ ಕೂತು ಜಿದಾನ್ ಎರಡು ಸಲ ತಲೆ ಕೊಟ್ಟು ಗೋಲು ಮಾಡಿದ್ದನ್ನು ನೋಡಿದೆವು. ಆದರೆ ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದಿರುವುದು ಕ್ರೊಯೇಷಿಯಾ ವಿರುದ್ಧದ ಸೆಮಿಫೈನಲ್. ಲಿಲಿಯನ್ ತುರಾಮ್ ಡಿಫೆಂಡರ್. ಕ್ರೊಯೇಷಿಯಾದ ಸೂಕರ್ ಹೊಡೆದ ಗೋಲು ಆಫ್‌ಸೈಡ್ ಅಂತ ರದ್ದಾಗದೆ ಉಳಿದದ್ದೇ ತುರಾಮ್ ತೀರ ಹಿಂದೆ ನಿಂತಿದ್ದರಿಂದ. ಮರುನಿಮಿಷವೇ ಅವನೇ ಮುಂದೆ ನುಗ್ಗಿ ಸಮ ಮಾಡಿದ. ಆಮೇಲೆ ಎಡಗಾಲಲ್ಲಿ ಇನ್ನೊಂದು. ಗೋಲು ಹೊಡೆದವನು ಕುಣಿಯಲಿಲ್ಲ. ಮಂಡಿಯೂರಿ ಕೂತು, ತುಟಿಗೆ ಬೆರಳಿಟ್ಟು, ಏನೋ ಯೋಚಿಸುವವನ ಹಾಗೆ ಉಳಿದುಬಿಟ್ಟ. ಫ್ರಾನ್ಸ್ ಪರ 142 ಪಂದ್ಯ ಆಡಿದ ತುರಾಮ್ ಹೊಡೆದದ್ದು ಆ ಎರಡೇ ಗೋಲು. ಗ್ವಾಡೆಲೂಪ್‌ನಿಂದ ಚಿಕ್ಕಂದಿನಲ್ಲಿ ಪ್ಯಾರಿಸ್ ಕಡೆಗೆ ಬಂದ ಹುಡುಗ ಅವನು. ಅದಕ್ಕೂ ಎರಡು ವರ್ಷ ಹಿಂದೆ ತಾನೇ ಬಲಪಂಥೀಯ ನಾಯಕ ಜಾನ್ ಮಾರಿ ಲೆ ಪೆನ್, ಹೊರಗಿನವರನ್ನು ತಂದು ಫ್ರಾನ್ಸ್ ತಂಡ ಅಂತ ಹೆಸರಿಡುವುದು ಕೃತಕ ಅಂದಿದ್ದ. ಮೇಷ್ಟ್ರೇ, ನಿಮ್ಮ ಪತ್ರ ಓದುವಾಗ ನನಗೆ ಬೇಸರ ಆದದ್ದು ಇಲ್ಲೇ. ನೀವು ಅವನ ಮಾತನ್ನು ಕೇಳಿರಲಿಕ್ಕಿಲ್ಲ, ಆದರೂ ಅದೇ ಮಾತು ನಿಮ್ಮ ಪತ್ರಕ್ಕೆ ಬಂದು ಸೇರಿದೆ.

ಈಗ "ಹಿಡಿದು ತಂದ" ವಿಷಯಕ್ಕೆ ಬರೋಣ. 2018ರಲ್ಲಿ ಮಾಸ್ಕೋದಲ್ಲಿ ಕಪ್ ಗೆದ್ದ ತಂಡದಲ್ಲಿ 23 ಜನ. ಫ್ರಾನ್ಸಿನ ನೆಲದ ಹೊರಗೆ ಹುಟ್ಟಿದವರು ಇಬ್ಬರೇ, ಕ್ಯಾಮರೂನ್‌ನ ಯಾವುಂಡೆಯಲ್ಲಿ ಉಮ್ಟಿಟಿ, ಕಿನ್ಶಾಸಾದಲ್ಲಿ ಮಂಡಾಂಡ. ಇಬ್ಬರೂ ಚಿಕ್ಕ ಮಕ್ಕಳಿದ್ದಾಗಲೇ ಫ್ರಾನ್ಸಿಗೆ ಬಂದವರು. ಉಳಿದವರು ಅಲ್ಲಿಯೇ ಹುಟ್ಟಿದವರು. ಇನ್ನೊಂದು ನೋಡಿ, ಆ ತಂಡದಲ್ಲಿ ಫ್ರಾನ್ಸ್ ಬಿಟ್ಟು ಹೊರಗೆ ಆಟ ಕಲಿತವರು ಯಾರು ಗೊತ್ತೇ? ಅಂತ್ವಾನ್ ಗ್ರೀಜ್ಮನ್, ಲೂಕಾಸ್ ಹೆರ್ನಾಂಡಿಸ್. ಗ್ರೀಜ್ಮನ್ ತುಂಬಾ ಗಿಡ್ಡ ಅಂತ ಫ್ರಾನ್ಸಿನ ಅಕಾಡೆಮಿಗಳು ಬೇಡ ಅಂದವು, ಹದಿಹರೆಯದಲ್ಲೇ ಸ್ಪೇನ್‌ನ ರಿಯಲ್ ಸೊಸಿಯೆದಾದ್ ಸೇರಿದ. ಹೆರ್ನಾಂಡಿಸ್ ಬೆಳೆದದ್ದು ಅಟ್ಲೆಟಿಕೊ ಮ್ಯಾಡ್ರಿಡ್‌ನಲ್ಲಿ. ಇವರಿಬ್ಬರ ಬಗ್ಗೆ ನೀವೂ ಕೇಳಲಿಲ್ಲ, ಬೇರೆ ಯಾರೂ ಕೇಳುವುದಿಲ್ಲ. ತುರಾಮ್ ಮಗ ಮಾರ್ಕಸ್ ಹುಟ್ಟಿದ್ದು ಇಟಲಿಯ ಪಾರ್ಮಾದಲ್ಲಿ, ಅಪ್ಪ ಅಲ್ಲಿ ಆಡುತ್ತಿದ್ದಾಗ. ಅವನನ್ನು ಇಟಲಿಯವನು ಅಂತ ಬೈದವರನ್ನು ನಾನು ಕಾಣೆ.

ಹಾಗಾದರೆ ಈ ಆಟಗಾರರು ಎಲ್ಲಿಂದ ಬಂದರು? ಪ್ಯಾರಿಸ್ ಸುತ್ತಲಿನ ಊರುಗಳಾದ ಬೊಂಡಿಯಿಂದ, ಸುರೆನ್‌ನಿಂದ, ಲೆ ಉಲಿಸ್‌ನಿಂದ, ಮಾರ್ಸೆಯ ಲಾ ಕಾಸ್ತೆಲಾನ್ ಬಡಾವಣೆಯಿಂದ. ಎಂಬಾಪೆ ಬೊಂಡಿಯವನು. ಅಪ್ಪ ಕ್ಯಾಮರೂನ್ ಮೂಲ, ಅಮ್ಮ ಅಲ್ಜೀರಿಯಾ ಮೂಲ, ನಿಜ. ಆದರೆ ಅಪ್ಪ ಊರಿನ ಎ.ಎಸ್. ಬೊಂಡಿ ಕ್ಲಬ್‌ನಲ್ಲಿ ಕೋಚ್ ಆಗಿದ್ದವರು, ಅಮ್ಮ ಹ್ಯಾಂಡ್‌ಬಾಲ್ ಆಟಗಾರ್ತಿಯಾಗಿದ್ದವರು. ಮನೆ ಹತ್ತಿರವೇ ಮೈದಾನ. ಇಂಥ ಕ್ಲಬ್ಬುಗಳು ಫ್ರಾನ್ಸಿನ ತುಂಬ ಇವೆ. 1901ರ ಸಂಘಗಳ ಕಾಯಿದೆಯಡಿ ನೋಂದಾಯಿಸಿಕೊಂಡು, ಪುರಸಭೆ ನೋಡಿಕೊಳ್ಳುವ ಮೈದಾನದಲ್ಲಿ, ಹೆಚ್ಚಾಗಿ ಸಂಬಳ ಇಲ್ಲದ ಕೋಚುಗಳೇ ನಡೆಸುವ ಕ್ಲಬ್ಬುಗಳು. ಅವುಗಳ ಮೇಲೆ ಕ್ಲೇರ್‌ಫೊಂತೇನ್‌ನಂಥ ರಾಷ್ಟ್ರೀಯ ಕೇಂದ್ರ. 1988ರಲ್ಲಿ ಶುರುವಾದದ್ದು. ಹದಿಮೂರು, ಹದಿನಾಲ್ಕರ ಹುಡುಗರು ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲೇ ಇದ್ದು ಓದುತ್ತಾರೆ, ಆಡುತ್ತಾರೆ. ಶನಿವಾರ ಭಾನುವಾರ ಮನೆಗೆ ಹೋಗಿ ತಮ್ಮೂರಿನ ಕ್ಲಬ್ಬಿಗೇ ಆಡುತ್ತಾರೆ. ಈ ವ್ಯವಸ್ಥೆ ನನಗೆ ಬಹಳ ಇಷ್ಟ. 2018ರ ತಂಡದ ಮಿಡ್‌ಫೀಲ್ಡರ್ ಕಾಂಟೆಯನ್ನು ದೊಡ್ಡ ಅಕಾಡೆಮಿಗಳು ಗಿಡ್ಡ ಅಂತ ಬಿಟ್ಟರೂ ಸುರೆನ್‌ನ ಸಣ್ಣ ಕ್ಲಬ್ ಅವನನ್ನು ವರ್ಷಗಟ್ಟಲೆ ಇಟ್ಟುಕೊಂಡು ಬೆಳೆಸಿತು. ಅಲ್ಲಿಂದ ಕೆಳಗಿನ ಡಿವಿಜನ್‌ಗಳಲ್ಲಿ ಆಡಿ, ಇಂಗ್ಲೆಂಡಿನ ಲೆಸ್ಟರ್‌ ಕ್ಲಬ್ಬಿಗೆ ಹೋಗಿ, ವಿಶ್ವಕಪ್ ಗೆದ್ದ. ಆ ಕಪ್ಪಿನಲ್ಲಿ ಸುರೆನ್‌ನ ಪಾಲು ಇದೆ, ಅದನ್ನು ಕಾಂಟೆಯ ಅಪ್ಪ ಅಮ್ಮ ಬಂದ ಮಾಲಿಯ ಲೆಕ್ಕಕ್ಕೆ ಬರೆದುಬಿಟ್ಟರೆ ಸುರೆನ್‌ನಲ್ಲಿ ಮಳೆಯಲ್ಲಿ ನಿಂತು ಹುಡುಗರನ್ನು ಓಡಿಸಿದವರಿಗೆ ಮೋಸ.

ಆಫ್ರಿಕಾಗೆ ನಷ್ಟ ಆಯಿತಲ್ಲ ಅನ್ನಬಹುದು ನೀವು. ಲೆಕ್ಕ ಎರಡೂ ಕಡೆಗಿದೆ. 2002ರ ವಿಶ್ವಕಪ್‌ನಲ್ಲಿ, ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ, ಫ್ರಾನ್ಸನ್ನು ಸೋಲಿಸಿದ ಸೆನೆಗಲ್ ತಂಡದ 23 ಜನರಲ್ಲಿ 21 ಮಂದಿ ಫ್ರಾನ್ಸಿನ ಕ್ಲಬ್ಬುಗಳಲ್ಲೇ ಆಡುತ್ತಿದ್ದರು. ಎದುರಿಗೆ ಫ್ರಾನ್ಸ್ ಪರ ಆಡಿದ ಪ್ಯಾಟ್ರಿಕ್ ವಿಯೆರಾ ಹುಟ್ಟಿದ್ದು ಸೆನೆಗಲ್‌ನ ಡಾಕಾರ್‌ನಲ್ಲಿ! 2022ರ ಆಫ್ರಿಕಾ ಕಪ್ ಎತ್ತಿದ ಸೆನೆಗಲ್ ಕ್ಯಾಪ್ಟನ್ ಕೂಲಿಬಾಲಿ ಹುಟ್ಟಿ ಬೆಳೆದದ್ದು ಫ್ರಾನ್ಸಿನ ಸಾಂ ದಿಯೆಯಲ್ಲಿ. ಅಲ್ಜೀರಿಯಾದ ಮಹ್ರೆಜ್ ಪ್ಯಾರಿಸ್ ಪಕ್ಕದ ಸಾರ್ಸೆಲ್‌ನವನು. ಅದೇ ವರ್ಷ ಕತಾರ್‌ನಲ್ಲಿ ಸೆಮಿಫೈನಲ್ ತಲುಪಿದ ಮೊರಾಕ್ಕೊ ತಂಡದಲ್ಲಿ 26 ಜನರ ಪೈಕಿ 14 ಮಂದಿ ಮೊರಾಕ್ಕೊ ಹೊರಗೆ ಹುಟ್ಟಿದವರು, ಕೋಚ್ ರೆಗ್ರಾಗಿ ಕೂಡ ಫ್ರಾನ್ಸಿನಲ್ಲೇ ಹುಟ್ಟಿದವರು. ಅವರನ್ನು ಯಾರೂ "ಯುರೋಪಿನ ತಂಡ" ಅನ್ನಲಿಲ್ಲ, ಅನ್ನಲೂಬಾರದು.

ರಾಷ್ಟ್ರಗೀತೆ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ. ತಮ್ಮ ಕಾಲದಲ್ಲಿ ಆಟಗಾರರು ಅದನ್ನು ಹಾಡುತ್ತಿರಲಿಲ್ಲ ಅಂತ ಪ್ಲಾಟಿನಿಯೇ ಹೇಳಿದ್ದಾರೆ. ಆಗ ಯಾರೂ ತುಟಿ ಲೆಕ್ಕ ಹಾಕಲಿಲ್ಲ.

ಲೆಕ್ಕ ಹಾಕುವುದು ಸೋತಾಗ ಇನ್ನೂ ಜಾಸ್ತಿ. 2022ರ ವಿಶ್ವಕಪ್ ಫೈನಲ್‌ನಲ್ಲಿ ಪೆನಾಲ್ಟಿಯನ್ನು ಗೋಲು ಮಾಡಲಾಗದ ಕೋಮನ್, ಚುವಾಮೆನಿ ಇಬ್ಬರಿಗೂ ಮೈಬಣ್ಣ ಹಿಡಿದು ಇಂಟರ್‌ನೆಟ್‌ನಲ್ಲಿ ಬಂದ ಬೈಗುಳ ಓದುವ ಹಾಗಿರಲಿಲ್ಲ. ಗೋಲು ಹೊಡೆದರೆ ಫ್ರೆಂಚ್, ಹೊಡೆಯದಿದ್ದರೆ ಅರಬ್ ಅನ್ನುತ್ತಾರೆ ಅಂತ ಅಲ್ಜೀರಿಯಾ ಮೂಲದ ಆಟಗಾರ ಬೆಂಜೆಮಾ ಹಿಂದೆಯೇ ನೊಂದು ಹೇಳಿದ್ದ. 1998ರ ಗೆಲುವು ಇದನ್ನೆಲ್ಲ ಸರಿ ಮಾಡಲಿಲ್ಲ. ನಾಲ್ಕೇ ವರ್ಷಕ್ಕೆ ಲೆ ಪೆನ್ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತಿಗೆ ಬಂದ.

ನಮ್ಮ ಕಡೆಯದ್ದೂ ಒಂದು ಹೇಳಲೇಬೇಕು. 2006ರಲ್ಲಿ ಫ್ರಾನ್ಸ್ ತಂಡದಲ್ಲಿ ವಿಕಾಸ್ ದೊರಾಸೂ ಇದ್ದ. ಭಾರತದಿಂದ ಮಾರಿಷಸ್‌ಗೆ ಹೋದ ಮನೆತನ, ಹುಟ್ಟಿ ಬೆಳೆದದ್ದು ಲೆ ಹಾವ್ರ್ ಕಡೆ. ವಿಶ್ವಕಪ್‌ನಲ್ಲಿ ಬದಲಿ ಆಟಗಾರನಾಗಿ ಇಳಿದ. ಆಗ ನಮ್ಮಲ್ಲಿ ಎಲ್ಲರೂ "ನಮ್ಮವನು ವಿಶ್ವಕಪ್ ಆಡಿದ" ಅಂತ ಖುಷಿಪಟ್ಟರು. ಲೆ ಹಾವ್ರ್‌ನಲ್ಲಿ ಅವನಿಗೆ ಆಟ ಕಲಿಸಿದವರು ಯಾರು ಅಂತ ಒಬ್ಬರೂ ವಿಚಾರಿಸಲಿಲ್ಲ. ನನ್ನ ಕೋಪ ಇರುವುದು ಇದರ ಮೇಲೆ. ಪ್ರತಿ ವಿಶ್ವಕಪ್ ಬಂದಾಗಲೂ ಆಟಗಾರರ ಹೆಸರಿನ ಮುಂದೆ ಅಜ್ಜನ ದೇಶದ ಬಾವುಟ ಅಂಟಿಸಿದ ಚಿತ್ರವೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ನಮ್ಮ ಕಚೇರಿಗೂ ಅದನ್ನು ಅಚ್ಚು ಹಾಕಿ ಅಂತ ಕಳಿಸುತ್ತಾರೆ. ಯಾರ ಪೈಕಿ, ಯಾವ ಜನ ಅಂತ ಮೊದಲು ಕೇಳಿಯೇ ಮುಂದಿನ ಮಾತು ಆಡುವ ಅಭ್ಯಾಸ ನಮಗೆ ಅಂಟಿಬಿಟ್ಟಿದೆ. ಹುಡುಗ ಎಲ್ಲಿ ಆಡಿದ, ಯಾರು ಹೇಳಿಕೊಟ್ಟರು, ಚೆಂಡು ಯಾರು ಕೊಡಿಸಿದರು, ಇದನ್ನು ಕೇಳುವವರಿಲ್ಲ. ಕೇಳಿದ್ದರೆ ನಮ್ಮ ತಾಲೂಕುಗಳ ಶಾಲಾ ಮೈದಾನಗಳು ವಸ್ತುಪ್ರದರ್ಶನಕ್ಕೂ ವಾಹನ ನಿಲ್ಲಿಸುವುದಕ್ಕೂ ಹೋಗುತ್ತಿರಲಿಲ್ಲ. ಪಿ.ಟಿ. ಪೀರಿಯಡ್ ಪರೀಕ್ಷೆ ಹತ್ತಿರ ಬಂತೆಂದರೆ ಗಣಿತಕ್ಕೋ ಇಂಗ್ಲಿಷಿಗೋ ಹೋಗುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀವೂ ತಗೊಂಡಿರುತ್ತೀರಿ ಅಲ್ವಾ?

ಅದಕ್ಕೇ ನಿಮ್ಮಿಂದ ಇನ್ನೊಂದು ಪತ್ರ ಕೇಳುತ್ತಿದ್ದೇನೆ. ನೀವು ಪಾಠ ಮಾಡಿದ ಶಾಲೆಗಳಲ್ಲಿ ಮೈದಾನ ಎಷ್ಟಿತ್ತು, ಈಗ ಎಷ್ಟು ಉಳಿದಿದೆ, ಪಿ.ಟಿ. ಮೇಷ್ಟ್ರು ಇದ್ದಾರೋ ಇಲ್ಲವೋ, ಸಂಜೆ ಅಲ್ಲಿ ಯಾರು ಆಡುತ್ತಾರೆ, ಅಷ್ಟು ವಿಚಾರಿಸಿ ಬರೆಯಿರಿ. ಎಷ್ಟೇ ಉದ್ದ ಆದರೂ ಪೂರ್ತಿ ಅಚ್ಚು ಹಾಕುತ್ತೇವೆ.

– ಸಂಪಾದಕ