ಮೇಷ್ಟ್ರ ಅಂಚೆ: ಮಹಡಿ ಮನೆಯ ಹುಡುಗಿ ಮತ್ತು ಬಾಣಂತನದ ಕೊಕ್ಕರೆಗಳು

ಪ್ರಶ್ನೆ: ಮೇಷ್ಟ್ರೇ, ನಮ್ಮ ಮಹಡಿ ಮನೆಗೆ ಆಗಸ್ಟ್‌ನಲ್ಲಿ ಜರ್ಮನಿಯ ಹುಡುಗಿಯೊಬ್ಬಳು ಬಾಡಿಗೆಗೆ ಬಂದಿದ್ದಾಳೆ. ಊರು ರೋಸ್ಟಾಕ್ ಅಂತೆ. ಇಲ್ಲಿ ಎರಡು ವರ್ಷದ ಕೆಲಸ. ಶನಿವಾರ ಬೆಳಗಾದರೆ ಚೀಲ ಹೆಗಲಿಗೇರಿಸಿ ಹೊರಡುತ್ತಾಳೆ, ಭಾನುವಾರ ರಾತ್ರಿ ಬಂದು ಮೊಬೈಲಿನಲ್ಲಿ ಚಿತ್ರ ತೋರಿಸಿ ‘ಆಂಟಿ, ಇದರ ಹೆಸರೇನು?’ ಎನ್ನುತ್ತಾಳೆ. ನನಗೆ ಗೊತ್ತಿರುವುದು ಕಾಗೆ, ಗುಬ್ಬಿ, ಗಿಳಿ. ಚಾಮುಂಡಿ ಬೆಟ್ಟದಲ್ಲಿ ಕೋತಿ ಅವಳ ಕೈಚೀಲ ಕಿತ್ತುಕೊಂಡಿತು. ಮಡಿಕೇರಿಯಿಂದ ಕಾಲುಚೀಲವೆಲ್ಲ ರಕ್ತ ಮಾಡಿಕೊಂಡು ಬಂದಳು. ಬಚ್ಚಲ ಹಲ್ಲಿಗೆ ಹೆಸರಿಟ್ಟಿದ್ದಾಳೆ. ಈಗ ಹುಲಿ ನೋಡಬೇಕೆಂದು ಹಟ. ಏನಾದರೂ ಆದರೆ ಅವಳ ತಾಯಿಗೆ ನಾನೇನು ಹೇಳಲಿ? ಎಲ್ಲಿಗೆ ಕಳಿಸಲಿ, ಯಾವುದಕ್ಕೆ ಹುಷಾರಾಗಿರು ಎನ್ನಲಿ?
— ಎಸ್., ಸರಸ್ವತಿಪುರಂ, ಮೈಸೂರು

ಉತ್ತರ: ಅಮ್ಮ, ಮೂವತ್ತೊಂದು ವರ್ಷ ಜೀವಶಾಸ್ತ್ರ ಪಾಠ ಹೇಳಿದೆ. ಬಚ್ಚಲ ಹಲ್ಲಿಗೆ ಹೆಸರಿಟ್ಟ ವಿದ್ಯಾರ್ಥಿ ಒಬ್ಬನೂ ಸಿಗಲಿಲ್ಲ. ಅವಳ ಊರಿನ ಗೋಡೆಗಳ ಮೇಲೆ ಹಲ್ಲಿ ಇರುವುದಿಲ್ಲ. ನಾವು ಪೊರಕೆ ತೆಗೆದುಕೊಂಡು ಓಡಿಸುವ ಪ್ರಾಣಿ ಅವಳಿಗೆ ಸೂರಿನಲ್ಲಿ ತಲೆಕೆಳಗಾಗಿ ನಡೆಯುವ ವಿಸ್ಮಯ. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದೆ ಎಂಬುದನ್ನೂ ಅವಳಿಗೆ ಹೇಳಿಕೊಡಿ, ಬಾಡಿಗೆಯ ಮಾತಾಡುವಾಗ ಅನುಕೂಲವಾದೀತು.

ಹುಷಾರಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ನೀವು ಹುಲಿಗೆ ಹೆದರುತ್ತಿದ್ದೀರಿ, ನಾನು ಹೆದರುವುದು ನಿಮ್ಮ ಬೀದಿಯ ನಾಯಿಮರಿಗೆ. ಜರ್ಮನಿ 2008ರಲ್ಲೇ ನಾಯಿ, ನರಿಗಳ ರೇಬಿಸ್‌ನಿಂದ ಮುಕ್ತವಾಯಿತು. ಅಲ್ಲಿ ಬೆಳೆದವಳಿಗೆ ನಾಯಿ ಕಂಡರೆ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ನಾಯಿಯಾಗಲಿ ಕೋತಿಯಾಗಲಿ ಕಚ್ಚಿದರೆ, ಪರಚಿದರೂ ಸರಿ, ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ನಾಳೆ ನೋಡೋಣ ಎನ್ನುವಂತಿಲ್ಲ.

ಬೆಟ್ಟದ ಕೋತಿಯ ಬಗ್ಗೆ ಒಂದೇ ಮಾತು. ಪ್ಲಾಸ್ಟಿಕ್ ಚೀಲ ಎಂದರೆ ತಿಂಡಿ ಎಂದು ಅದಕ್ಕೆ ಕಲಿಸಿದವರು ನಾವು, ಪುಣ್ಯ ಸಂಪಾದನೆಗೆಂದು ಬಾಳೆಹಣ್ಣು ಹಂಚಿದವರು. ಚೀಲವನ್ನು ಬೆನ್ನಿಗೆ ಹಾಕಿಕೊಳ್ಳಲಿ. ಕೋತಿಯ ಕಣ್ಣನ್ನೇ ದಿಟ್ಟಿಸಿ ಹಲ್ಲು ಬಿಟ್ಟು ನಗುವುದು ಬೇಡ, ಅದರ ಭಾಷೆಯಲ್ಲಿ ಅದು ಸ್ನೇಹದ ನಗೆಯಲ್ಲ.

ಮಡಿಕೇರಿಯ ರಕ್ತಕ್ಕೆ ಕಾರಣ ಉಂಬಳ, ಅಂದರೆ ಕಾಡಿನ ಜಿಗಣೆ. ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸವನ್ನು ಸೇರಿಸುತ್ತದೆ, ಅದಕ್ಕೇ ಅದು ಬಿದ್ದುಹೋದ ಮೇಲೂ ಗಾಯ ಸೋರುತ್ತಿರುತ್ತದೆ. ನೋಡಲು ಭಯಂಕರ, ಅಪಾಯ ಅಷ್ಟಿಲ್ಲ. ಕಿತ್ತು ಎಳೆಯದೆ ಉಗುರನ್ನು ಒತ್ತಿ ಪಕ್ಕಕ್ಕೆ ಜಾರಿಸಬೇಕು. ಅವಳ ದೇಶದಲ್ಲಿ ಜಿಗಣೆಗಳನ್ನು ಸಾಕಿ ವೈದ್ಯರಿಗೆ ಮಾರುತ್ತಾರೆ. ಇಲ್ಲಿ ಚಿಕಿತ್ಸೆ ಉಚಿತವಾಗಿ ಸಿಕ್ಕಿತು ಎಂದು ತಿಳಿಯಲಿ. ಆದರೆ ಮಳೆ ಮುಗಿದ ಮೇಲೆ ಶಿವಮೊಗ್ಗದ ಕಡೆ ಹೊರಟರೆ ಉಂಬಳಕ್ಕಿಂತ ಚಿಕ್ಕದಾದ ಉಣುಗಿನ ಮೇಲೆ ಕಣ್ಣಿರಲಿ. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಅದೇ. ಯುರೋಪಿನಲ್ಲೂ ಉಣುಗಿನಿಂದ ಬರುವ ಮೆದುಳು ಜ್ವರವಿದೆ, ಎರಡರ ವೈರಸ್ಸುಗಳೂ ದಾಯಾದಿಗಳು. ಅಲ್ಲಿ ಹಾಕಿಸಿಕೊಂಡ ಲಸಿಕೆ ಇಲ್ಲಿ ಕಾಯುತ್ತದೆ ಎಂದು ನಂಬಿ ಕೂರುವುದು ಬೇಡ.

ಇನ್ನು ಹುಲಿ. ಬಂಡೀಪುರಕ್ಕೋ ನಾಗರಹೊಳೆಗೋ ಹೋಗಲಿ, ನನ್ನದೇನೂ ತಕರಾರಿಲ್ಲ. ಹೊರಡುವ ಮುನ್ನ ಸಫಾರಿ ಇದೆಯೇ ಎಂದು ವಿಚಾರಿಸಿಕೊಳ್ಳಲಿ. ಊಟಿಯಿಂದ ಬೈಕಿನಲ್ಲಿ ಮರಳುವುದಾದರೆ ರಾತ್ರಿ 9ಕ್ಕೆ ಬಂಡೀಪುರದ ಹೆದ್ದಾರಿ ಮುಚ್ಚುತ್ತದೆ, ಬೆಳಗ್ಗೆ 6ರವರೆಗೆ ತೆರೆಯುವುದಿಲ್ಲ ಎಂಬುದು ನೆನಪಿರಲಿ. ಹುಲಿಯನ್ನೇ ಹುಡುಕುವವರು ಜೀಪಿನಲ್ಲಿ ಮಾಡುವ ಕೆಲಸವನ್ನು ನಾನು ಕಂಡಿದ್ದೇನೆ. ರಸ್ತೆ ಬದಿಯಲ್ಲಿ ಕಾಟಿಯ ಹಿಂಡು ನಿಂತಿರುತ್ತದೆ, ಮೇಲೆ ಕೆಂಜಳಿಲು ಒಂದು ಮರದಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ, ಇವರು ಚಾಲಕನಿಗೆ ‘ಮುಂದೆ ಹೋಗಿ, ಮುಂದೆ ಹೋಗಿ’ ಎನ್ನುತ್ತಿರುತ್ತಾರೆ. ಹುಲಿ ಸಿಗದೆ ಮುಖ ಸಣ್ಣದು ಮಾಡಿಕೊಂಡು ವಾಪಸು.

ನನ್ನನ್ನು ಕೇಳಿದರೆ, ಡಿಸೆಂಬರ್ ಕಳೆದು ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಅವಳನ್ನು ಕೊಕ್ಕರೆ ಬೆಳ್ಳೂರಿಗೆ ಕಳಿಸಿ. ಮದ್ದೂರು ದಾಟಿ ರುದ್ರಾಕ್ಷಿಪುರದಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ಅಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರ ನಡುವಿನ ಹುಣಸೆ, ಅರಳಿ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಕೆಳಗೆ ಎಮ್ಮೆ ಮೆಲುಕು ಹಾಕುತ್ತಿರುತ್ತದೆ, ಮೇಲೆ ಹೆಜ್ಜಾರ್ಲೆಯ ಮರಿ ತಾಯಿಯ ಗಂಟಲಿಗೆ ತಲೆ ತೂರಿಸಿ ಮೀನು ತಿನ್ನುತ್ತಿರುತ್ತದೆ. ಹಿಕ್ಕೆ ಅಂಗಳಕ್ಕೆ ಬೀಳುತ್ತದೆ, ವಾಸನೆ ಸಾಮಾನ್ಯದ್ದಲ್ಲ. ಊರಿನವರು ಅದನ್ನು ಗೋಡು ಮಣ್ಣಿನ ಜೊತೆ ಸೇರಿಸಿ ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತಾರೆ. ಗೂಡಿರುವ ಮರದ ಹುಣಸೆ ಹಣ್ಣಿನ ಆಸೆ ಬಿಟ್ಟವರಿದ್ದಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಲು ಊರಿನವರದೇ ಹೆಜ್ಜಾರ್ಲೆ ಬಳಗವಿದೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು, ಊರಿನವರ ಘೋಷಣೆ ಅದಕ್ಕಿಂತ ಬಹಳ ಹಳೆಯದು: ಈ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು.

ಇದನ್ನು ನೀವು ಅವಳಿಗೆ ಹೇಳಿದಾಗ ಅವಳ ಮುಖ ನೋಡಬೇಕು. ಏಕೆಂದರೆ ಅವಳ ದೇಶದಲ್ಲಿ, ಮಗು ಎಲ್ಲಿಂದ ಬಂತು ಎಂದು ಕೇಳುವ ಮಕ್ಕಳಿಗೆ ಕೊಕ್ಕರೆ ತಂದುಕೊಟ್ಟಿತು ಎನ್ನುತ್ತಾರೆ. ಅಲ್ಲಿ ಮಗು ಹೊತ್ತು ತರುವ ಹಕ್ಕಿ, ಮಂಡ್ಯ ಜಿಲ್ಲೆಯಲ್ಲಿ ಬಾಣಂತಿ. ಅಲ್ಲಿನ ಹಳ್ಳಿಗಳಲ್ಲಿ ಬಿಳಿ ಕೊಕ್ಕರೆ ಗೂಡು ಕಟ್ಟಲೆಂದು ಚಾವಣಿಯ ಮೇಲೆ ಹಳೆಯ ಗಾಡಿ ಚಕ್ರ ಇಡುತ್ತಾರೆ.

ರೋಸ್ಟಾಕ್ ಎಂದಿರಲ್ಲ, ಅದನ್ನು ಓದಿದ ಕೂಡಲೇ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಚಳಿಗಾಲದಲ್ಲಿ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ ಎಂಬುದು ಯುರೋಪಿನ ಪಂಡಿತರಿಗೆ ಬಹುಕಾಲ ಒಗಟಾಗಿತ್ತು. ಕೆರೆಯ ತಳದಲ್ಲಿ ಮಲಗುತ್ತವೆ ಎಂದವರೂ ಇದ್ದರು. 1822ರಲ್ಲಿ ಅವಳ ಸೀಮೆಯಲ್ಲೇ ಒಂದು ಬಿಳಿ ಕೊಕ್ಕರೆಯನ್ನು ಹೊಡೆದುರುಳಿಸಿದರು. ನೋಡಿದರೆ ಅದರ ಕತ್ತಿನಲ್ಲಿ ಆಫ್ರಿಕದ ಈಟಿಯೊಂದು ಆರಪಾರ ನಾಟಿಕೊಂಡಿತ್ತು! ಅದನ್ನು ಹೊತ್ತುಕೊಂಡೇ ಆ ಹಕ್ಕಿ ಊರಿಗೆ ಮರಳಿತ್ತು. ವಲಸೆಗೆ ಅದಕ್ಕಿಂತ ಸಾಕ್ಷಿ ಬೇಕೆ? ಆ ಕೊಕ್ಕರೆ ಇಂದಿಗೂ ಈಟಿಯ ಸಮೇತ ರೋಸ್ಟಾಕ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ನೋಡಿದ್ದಾಳೆಯೇ ಎಂದು ಕೇಳಿ ನನಗೆ ಬರೆಯಿರಿ.

ಒಂದು ತಿದ್ದುಪಡಿ. ಬಣ್ಣದ ಕೊಕ್ಕರೆ ಸೈಬೀರಿಯದಿಂದ ಬರುತ್ತದೆ ಎಂದು ಯಾರಾದರೂ ಅವಳಿಗೆ ಹೇಳಿಯೇ ಹೇಳುತ್ತಾರೆ. ನಮ್ಮವರಿಗೆ ಉದ್ದ ಕಾಲಿನ ಹಕ್ಕಿಗಳೆಲ್ಲ ಸೈಬೀರಿಯದವೇ. ಅದು ನಮ್ಮ ದೇಶದ್ದೇ ಹಕ್ಕಿ, ಕೆರೆಯಿಂದ ಕೆರೆಗೆ ತಿರುಗುತ್ತದೆ. ನಿಜವಾಗಿ ದೂರದಿಂದ ಬರುವುದನ್ನು ನೋಡಬೇಕೆಂದರೆ ಹದಿನಾರು ಎಂಬ ಊರಿನ ಕೆರೆಗೆ ಹೋಗಲಿ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ, ಮಂಗೋಲಿಯದಲ್ಲಿ ಗುರುತಿನ ಪಟ್ಟಿ ತೊಡಿಸಿದವೂ ಸಿಕ್ಕಿವೆ. ರಂಗನತಿಟ್ಟಂತೂ ಅರ್ಧ ಗಂಟೆಯ ದಾರಿ. 1940ರಲ್ಲಿ ಸಲೀಂ ಅಲಿ ಅವರ ಮಾತು ಕೇಳಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮ ಮಾಡಿತು. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುವುದು ಇವಳನ್ನು ನುಂಗಲಿಕ್ಕಲ್ಲ, ಮೈಯ ಕಾವು ಇಳಿಸಿಕೊಳ್ಳಲಿಕ್ಕೆ. ಆದರೂ ದೋಣಿಯಿಂದ ಕೈ ಹೊರಗೆ ಚಾಚುವುದು ಬೇಡ.

ಪ್ರಶ್ನೆ: (ಅದೇ ಲಕೋಟೆಯಲ್ಲಿ, ದುಂಡಗಿನ ಹೊಸ ಕನ್ನಡ ಅಕ್ಷರದಲ್ಲಿ) ನಮಸ್ಕಾರ. ಕಾಡಿನ ದಾರಿಯಲ್ಲಿ ಜಿಂಕೆಯ ಕೊಂಬು ಬಿದ್ದಿತ್ತು. ಊರಿಗೆ ತೆಗೆದುಕೊಂಡು ಹೋಗಬಹುದೇ? ಇನ್ನೊಂದು ಪ್ರಶ್ನೆ. ನನ್ನ ಊರಿನ ಹಕ್ಕಿ ಮೈಸೂರಿನಲ್ಲಿ ಇದೆಯೇ?
— ಮಹಡಿ ಮನೆಯವಳು

ಉತ್ತರ: ಮಗಳೇ, ಕೊಂಬು ಬೇಡ. ತಾನಾಗಿ ಉದುರಿದ್ದಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಅಂಗಡಿಯಲ್ಲಿ ನವಿಲುಗರಿ ಕೊಂಡಿದ್ದರೆ ಅದನ್ನೂ ಆಂಟಿಯ ಮನೆಯಲ್ಲೇ ಬಿಡು, ದೇಶದ ಹೊರಗೆ ಒಯ್ಯುವಂತಿಲ್ಲ. ಚಿತ್ರ ಎಷ್ಟಾದರೂ ತೆಗೆದುಕೋ.

ಎರಡನೆಯದಕ್ಕೆ ಉತ್ತರ, ಇದೆ. ಆಂಟಿಗೆ ಗೊತ್ತಿರುವ ಆ ಗುಬ್ಬಿಯೇ ನಿನ್ನ ಊರಿನದೂ, ಒಂದೇ ಜಾತಿ. ಇನ್ನೊಂದು, ಬೆನ್ನು ನೀಲಿ, ಹೊಟ್ಟೆ ಕಿತ್ತಳೆ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಮಿಂಚುಳ್ಳಿ. ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಧಾನವಾಗಿ ನಡೆ, ನೀರಿಗೆ ಬಾಗಿದ ಕೊಂಬೆಗಳನ್ನು ನೋಡುತ್ತಾ ಹೋಗು. ಎದೆ ಬೆಳ್ಳಗಿರುವ ದೊಡ್ಡ ಮಿಂಚುಳ್ಳಿ ಬೇರೆ, ಅದು ನಿನ್ನ ಊರಿನದಲ್ಲ. ನಿಮ್ಮ ಭಾಷೆಯಲ್ಲಿ ಈ ಚಿಕ್ಕದರ ಹೆಸರು ಐಸ್‌ಫೋಗೆಲ್, ಅಂದರೆ ಹಿಮದ ಹಕ್ಕಿ, ಅಲ್ಲವೇ? ಆಂಟಿಯನ್ನೂ ಕರೆದುಕೊಂಡು ಹೋಗು, ಈ ಸಲ ಹೆಸರು ಹೇಳಿಕೊಡುವ ಸರದಿ ನಿನ್ನದು.