ಅಪ್ಪನ ಹಳೆ ಸೈಕಲ್ಲಿಗೆ ಹೊಸ ಹಿಂದಿನ ಗಾಲಿ ಕೂರ್ತಾ ಇಲ್ಲ. ಡ್ರಾಪ್‌ಔಟ್ (ಗಾಲಿಯ ಅಚ್ಚು ಕೂರುವ ಸೀಳಿರುವ ಫ್ರೇಮಿನ ತುದಿ) ಗ್ರೈಂಡರ್‌ನಲ್ಲಿ ಕೊಯ್ಸಬಹುದಾ?

ಗ್ರೈಂಡರ್ ಬೇಡ, ದಯವಿಟ್ಟು. ನೀವು ಕೊಟ್ಟ ಅಳತೆ ನೋಡಿದೆ. ಫ್ರೇಮಿನ ಹಿಂದಿನ ಎರಡು ಡ್ರಾಪ್‌ಔಟ್ ನಡುವೆ 114 ಮಿ.ಮೀ., ಹೊಸ ಹಬ್ (ಗಾಲಿಯ ನಡುವಿನ ಗುಂಭ) 120. ಅಚ್ಚು ಕೂರುವ ಸೀಳು 9.5, ಹೊಸ ಅಚ್ಚು 10. ಅಂದ್ರೆ ಅಗಲಕ್ಕೆ 6 ಮಿ.ಮೀ., ಸೀಳಿಗೆ ಅರ್ಧ ಮಿ.ಮೀ. ಬೇಕು. ಫ್ರೇಮ್ ಉಕ್ಕಿನದು, ಹಾಗಾಗಿ ಎರಡೂ ಕೆಲಸ ಕೈಯಲ್ಲೇ ಆಗುತ್ತದೆ.

ನಾನೂ ನಿಮ್ಮಂತೆ ಪುಣೆಯವನೇ, ಕೋಥ್ರೂಡಿನಲ್ಲಿ ಮನೆ. ಧಾರವಾಡದಿಂದ ತಂದ ಇಂಥದೇ ಕರಿ ಸೈಕಲ್ಲನ್ನು ಒಂದು ವೆಲ್ಡಿಂಗ್ ಅಂಗಡಿಗೆ ಕೊಟ್ಟಿದ್ದೆ. ಎರಡೇ ನಿಮಿಷ, ಕಿಡಿ ಹಾರಿಸಿ ಸೀಳು ಕೊಯ್ದು ಕೊಟ್ಟರು. ಮನೆಗೆ ಬಂದು ನೋಡಿದರೆ ಗಾಲಿಯ ಮೇಲ್ಭಾಗ ಎಡಕ್ಕೆ ವಾಲಿತ್ತು. ಸಂಜೆಯೆಲ್ಲ ಸ್ಪೋಕ್ ತಿರುಗಿಸಿದೆ. ಕೊನೆಗೆ ಗಾಲಿಯನ್ನೇ ಎಡಬಲ ತಿರುವಿ ಹಾಕಿದೆ. ಆಗಲೂ ಎಡಕ್ಕೇ! ಅಲ್ಲಿಗೆ ತಪ್ಪು ಗಾಲಿಯದಲ್ಲ, ಫ್ರೇಮಿನದು ಅಂತ ಗೊತ್ತಾಯಿತು. ಬಲಗಡೆ ಸೀಳಿನ ಮೇಲಿನ ಅಂಚು 1 ಮಿ.ಮೀ. ಜಾಸ್ತಿ ಹೋಗಿತ್ತು. ಅಚ್ಚಿನ ಹತ್ತಿರ ಒಂದು ಮಿ.ಮೀ. ತಪ್ಪಿದರೆ ರಿಮ್ಮಿನ ತುದಿಯಲ್ಲಿ ಎರಡೂವರೆ ಮಿ.ಮೀ. ಆಗುತ್ತದೆ. ಪೇಠ್ (ಪುಣೆಯ ಹಳೆ ಊರು) ಕಡೆಯ ಒಬ್ಬ ವಯಸ್ಸಾದ ಮಿಸ್ತ್ರಿ ಅಲ್ಲಿ ಹಿತ್ತಾಳೆ ತುಂಬಿ, ಅರದಿಂದ ಉಜ್ಜಿ ಸರಿಮಾಡಿದರು. "ಹಾತಾನೇಚ್ ಕರಾಯ್ಚಂ" ಅಂದರು. ಕೈಯಲ್ಲೇ ಮಾಡಬೇಕು ಅಂತ.

ಮೊದಲು ಅಗಲ. ಉದ್ದನೆಯ ಥ್ರೆಡ್ ರಾಡ್, ನಾಲ್ಕು ನಟ್, ದಪ್ಪ ವಾಷರ್ ತನ್ನಿ. ಡ್ರಾಪ್‌ಔಟ್‌ಗಳ ಒಳಗಡೆ ನಟ್ ಇಟ್ಟು ಹೊರಕ್ಕೆ ತಳ್ಳುತ್ತಾ ಹೋಗಿ. ಉಕ್ಕು ವಾಪಸ್ ಬರುತ್ತದೆ, ಆದ್ದರಿಂದ 120ಕ್ಕಿಂತ ಎಷ್ಟೋ ಮುಂದೆ ಹೋಗಬೇಕು. ಸ್ವಲ್ಪ ತಳ್ಳಿ, ಬಿಟ್ಟು, ಅಳೆಯಿರಿ. ಆತುರ ಬೇಡ. ಗ್ಯಾಸ್ ಹಚ್ಚಿ ಕಾಯಿಸೋದಂತೂ ಬೇಡವೇ ಬೇಡ, ಬ್ರೇಜ್ ಮಾಡಿದ (ಹಿತ್ತಾಳೆ ಕರಗಿಸಿ ಬೆಸೆದ) ಕೀಲು ಹಾಳಾಗಬಹುದು.

ಎರಡೂ ಕಡೆ ಸಮವಾಗಿ ಬಗ್ಗುತ್ತದೆ ಅಂತ ನಂಬಬೇಡಿ. ಬಲ ಡ್ರಾಪ್‌ಔಟ್‌ನಿಂದ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಕೂರುವ ಕೊಳವೆ ಸುತ್ತಿ, ಎಡಕ್ಕೆ ತಂದು ಬಿಗಿಯಿರಿ. ಸೀಟಿನ ಕೊಳವೆಗೂ ದಾರಕ್ಕೂ ಇರುವ ಸಂದು ಎರಡೂ ಕಡೆ ಒಂದೇ ಇರಬೇಕು. ಇಲ್ಲದಿದ್ದರೆ ಸಂದು ಕಡಿಮೆ ಇರುವ ಕಡೆಯನ್ನು ಮಾತ್ರ ಹೊರಕ್ಕೆ ಬಗ್ಗಿಸಿ.

ಆಮೇಲೆ ಡ್ರಾಪ್‌ಔಟ್‌ಗಳ ಮುಖ ನೋಡಿ. ಫ್ರೇಮ್ ಅಗಲ ಮಾಡಿದಾಗ ಅವು ಓರೆಯಾಗುತ್ತವೆ. ಹಾಗೇ ಬಿಟ್ಟು ನಟ್ ಬಿಗಿದರೆ ಅಚ್ಚು ಬಾಗಿ, ಒಂದಿನ ಮುರಿಯುತ್ತದೆ. ಹಳೆ ಅಚ್ಚನ್ನು ಮಧ್ಯಕ್ಕೆ ಕೊಯ್ದು, ಒಂದೊಂದು ತುಂಡನ್ನು ಒಂದೊಂದು ಕಡೆ ನಟ್ ಹಾಕಿ ಬಿಗಿಯಿರಿ. ಎರಡು ತುದಿ ನೇರ ಎದುರುಬದುರು ಬರಬೇಕು. ಬರದಿದ್ದರೆ ದೊಡ್ಡ ಸ್ಪ್ಯಾನರ್‌ನಿಂದ ಡ್ರಾಪ್‌ಔಟ್ ಹಿಡಿದು ಮೆಲ್ಲಗೆ ತಿರುಚಿ.

ಅರ ಹಿಡಿಯೋದು ಕೊನೆಗೆ. ಸೀಳಿನ ಕೆಳಗಿನ ಅಂಚನ್ನು ಮಾತ್ರ ಉಜ್ಜಿ. ನಮ್ಮ ಭಾರವೆಲ್ಲ ಮೇಲಿನ ಅಂಚಿನಿಂದ ಅಚ್ಚಿಗೆ ಇಳಿಯುತ್ತದೆ. ಅದನ್ನು ಮುಟ್ಟದಿದ್ದರೆ ಗಾಲಿ ವಾಲೋ ಪ್ರಶ್ನೆಯೇ ಇಲ್ಲ. ನಾಲ್ಕು ಸಲ ಉಜ್ಜಿ, ಅಚ್ಚು ಇಟ್ಟು ನೋಡಿ, ಮತ್ತೆ ಉಜ್ಜಿ. ಬರಿ ಉಕ್ಕಿನ ಮೇಲೆ ಆಮೇಲೆ ಬಣ್ಣ ಹಚ್ಚಿ, ಇಲ್ಲಿನ ಮಳೆಗಾಲ ಗೊತ್ತಲ್ಲ.

ಆದರೆ ಇದನ್ನೆಲ್ಲ ಶುರು ಮಾಡೋ ಮೊದಲು ಬ್ರೇಕ್ ನೋಡಿಕೊಳ್ಳಿ. ನಿಮ್ಮದು ರಾಡ್ ಬ್ರೇಕ್ (ಕೇಬಲ್ ಬದಲು ಕಂಬಿಯಿಂದ ಎಳೆಯುವುದು) ಆಗಿದ್ದರೆ ಅದು ರಿಮ್ಮಿನ ಒಳಮೈಯನ್ನು, ಅಂದ್ರೆ ಹಬ್ ಕಡೆಯ ಮೈಯನ್ನು, ಹಿಡಿಯುತ್ತದೆ. 622ರ (ಟೈರ್ ಕೂರುವಲ್ಲಿ ವ್ಯಾಸ, ಮಿ.ಮೀ.) ಹೊಸ ರಿಮ್ಮಿಗೆ ಅಂಥ ಒಳಮೈ ಇರೋದಿಲ್ಲ, ಹಳೆಯ 635ಕ್ಕಿಂತ ಸಣ್ಣದೂ ಹೌದು. ಹಳೆ ರಿಮ್ಮಿಗೇ ಹೊಸ ಹಬ್ ಕಟ್ಟಿಸೋಣ ಅಂದ್ರೆ ಅದರಲ್ಲಿ ಸಾಮಾನ್ಯವಾಗಿ 40 ಸ್ಪೋಕ್ ತೂತು, ಹೊಸ ಹಬ್ಬಿನಲ್ಲಿ 32 ಅಥವಾ 36. ಯಾವ ಬ್ರೇಕ್, ಎಷ್ಟು ತೂತು ಅಂತ ಬರೆಯಿರಿ. ಭಾನುವಾರ ಜೂನಾ ಬಜಾರಿಗೆ (ಇಲ್ಲಿನ ಹಳೆ ಸಾಮಾನಿನ ಸಂತೆ) ಹೋಗುತ್ತೇನೆ, ಹೊಂದೋ ರಿಮ್ ಕಂಡರೆ ಹೇಳುತ್ತೇನೆ.