ತಿಂಗಳಿಗೆ 500 ರೂಪಾಯಿಯಲ್ಲಿ ಹಳೆಯ ಕಾಮಿಕ್ಸ್ ಕೂಡಿಡುವುದಕ್ಕೆ ಆಗುತ್ತದಾ?

ಈಗಷ್ಟೇ ಕೆಲಸಕ್ಕೆ ಸೇರಿದ್ದೀರಿ, ಬೆಂಗಳೂರಿನಲ್ಲಿದ್ದೀರಿ, ತಿಂಗಳಿಗೆ 500 ರೂಪಾಯಿಗಿಂತ ಜಾಸ್ತಿ ಹಾಕಲು ಆಗುವುದಿಲ್ಲ, ಹಳೆಯ ಕಾಮಿಕ್ಸ್ ಸಂಗ್ರಹ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಸಿಕ್ಕಿದ್ದೆಲ್ಲ ಕೊಳ್ಳಲು ಹೋಗಬೇಡಿ. ಒಂದೇ ಒಂದು ದಾರಿ ಹಿಡಿಯಿರಿ. ಇವತ್ತು ಟಿಂಕಲ್, ನಾಳೆ ರಾಜ್ ಕಾಮಿಕ್ಸ್, ನಾಡಿದ್ದು ಸೂಪರ್‌ಮ್ಯಾನ್ ಅಂತ ಹೋದರೆ ವರ್ಷದ ಕೊನೆಗೆ ಪೆಟ್ಟಿಗೆ ತುಂಬಿರುತ್ತದೆ, ಸಂಗ್ರಹ ಮಾತ್ರ ಆಗಿರುವುದಿಲ್ಲ.

ನನ್ನನ್ನು ಕೇಳಿದರೆ ಕನ್ನಡದಲ್ಲಿ ಬಂದ ಕಾಮಿಕ್ಸ್ ಹಿಡಿಯಿರಿ. ಕಾರಣ ಇದೆ. ಇಂಗ್ಲಿಷ್ ಅಮರ ಚಿತ್ರ ಕಥೆ ಇವತ್ತಿಗೂ ಅಂಗಡಿಯಲ್ಲಿ ಹೊಸದಾಗಿ ಸಿಗುತ್ತದೆ, ಯಾವಾಗ ಬೇಕಾದರೂ ಕೊಳ್ಳಬಹುದು. ಇಂದ್ರಜಾಲ ಕಾಮಿಕ್ಸ್ ಹಾಗಲ್ಲ. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಶುರು ಮಾಡಿ 1990ರಲ್ಲಿ ನಿಲ್ಲಿಸಿದರು, ಹಲವು ಭಾರತೀಯ ಭಾಷೆಗಳಲ್ಲಿ ತಂದರು, ಅದರಲ್ಲಿ ಕನ್ನಡವೂ ಒಂದು. ಇಂಗ್ಲಿಷ್ ಮತ್ತು ಹಿಂದಿ ಪ್ರತಿಗಳನ್ನು ದೇಶದ ತುಂಬಾ ಜನ ಹುಡುಕುತ್ತಾರೆ. ಕನ್ನಡದ್ದನ್ನು ನಾವಲ್ಲದೆ ಇನ್ಯಾರು ಹುಡುಕಬೇಕು? ಯಾರದೋ ಅಟ್ಟದ ಮೇಲಿರುವ ಪ್ರತಿ ರದ್ದಿಗೆ ಹೋದರೆ ಹೋಯಿತು, ಅದು ಮತ್ತೆ ಅಚ್ಚಾಗುವುದಿಲ್ಲ. ಕಡಿಮೆ ದುಡ್ಡಿನವರಿಗೆ ನಿಜವಾಗಿ ಉಪಯೋಗದ ಕೆಲಸ ಇರುವುದು ಇಲ್ಲೇ.

ಅಮರ ಚಿತ್ರ ಕಥೆಗೂ ನಮಗೂ ಹತ್ತಿರದ ನಂಟಿದೆ. ಅದನ್ನು ಕಟ್ಟಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ಹೊಸಬರು ಸಂಖ್ಯೆ ನೋಡಿ ಗಲಿಬಿಲಿ ಆಗುತ್ತಾರೆ, ಯಾಕೆಂದರೆ ಸರಣಿಯ ಮೊದಲ ಪುರಾಣ ಕಥೆ ‘ಕೃಷ್ಣ’ನ ಸಂಖ್ಯೆ 11. ಅದಕ್ಕೂ ಮುಂಚಿನ ಹತ್ತು ಪಾಶ್ಚಾತ್ಯ ಮಕ್ಕಳ ಕಥೆಗಳು, ಅವು ಬಂದಿದ್ದು ಬೆಂಗಳೂರಿನಲ್ಲಿ, ಕನ್ನಡದಲ್ಲಿ. ಆ ಹತ್ತರ ಹಿಂದೆ ಈಗಲೇ ಬೀಳಬೇಡಿ, ನಿಮ್ಮ ಬಜೆಟ್ಟಿಗೆ ಸಿಗುವಂಥವಲ್ಲ. ಅದರ ಬದಲು ರಾಣಿ ಅಬ್ಬಕ್ಕ, ಕಿತ್ತೂರು ರಾಣಿ, ಕೃಷ್ಣದೇವರಾಯ, ಟಿಪ್ಪು ಸುಲ್ತಾನ್ ಥರ ನಮ್ಮ ಕಡೆಯ ಕಥೆಗಳನ್ನು ಒಂದೊಂದೇ ಸೇರಿಸುತ್ತಾ ಹೋಗಬಹುದು. ಕನ್ನಡದಲ್ಲಿ ಕಂಡರೆ ಬಿಡಲೇಬೇಡಿ, ಸಿಗುವ ತನಕ ಇಂಗ್ಲಿಷಿನದ್ದೇ ಇರಲಿ.

ಒಂದು ವಿಷಯ ಚೆನ್ನಾಗಿ ನೆನಪಿಡಿ. ಮಾರುವವರು ‘ಮೊದಲ ಮುದ್ರಣ’ ಅಂದಾಕ್ಷಣ ನಂಬಬೇಡಿ. ಒಂದೇ ಕಥೆ ಎಷ್ಟೋ ಸಲ ಮರುಮುದ್ರಣ ಆಗಿರುತ್ತದೆ. ಮುದ್ರಣದ ವರ್ಷ ಎಲ್ಲೂ ಕಾಣದಿದ್ದರೆ ರಕ್ಷಾಪುಟದ ಬೆಲೆ ನೋಡಿ, ಆಮೇಲೆ ಒಳಗೋ ಹಿಂದೋ ಇರುವ ಪುಸ್ತಕಗಳ ಪಟ್ಟಿ ನೋಡಿ. ನಿಮ್ಮ ಕೈಯಲ್ಲಿರುವುದು 11ನೇ ಸಂಖ್ಯೆ, ಪಟ್ಟಿಯಲ್ಲಿ 200ನೇ ಸಂಖ್ಯೆಯ ಪುಸ್ತಕವೂ ಇದೆ ಅಂದರೆ ಅದು ಮೊದಲ ಮುದ್ರಣ ಆಗಲು ಸಾಧ್ಯವೇ ಇಲ್ಲ, ಅಲ್ವಾ? ಸಂಖ್ಯೆ 501, 502 ಅಂತ ಇದ್ದರೆ ಅದು ದಪ್ಪ ರಟ್ಟಿನ, ಆಮೇಲಿನ ಡೀಲಕ್ಸ್ ಮುದ್ರಣ. ಓದಲು ಚೆನ್ನಾಗಿಯೇ ಇರುತ್ತದೆ, ಹಳೆಯದರ ಬೆಲೆ ಮಾತ್ರ ಕೊಡಬೇಡಿ.

ಇಂದ್ರಜಾಲದಲ್ಲಾದರೆ 60ರ ದಶಕದ ಫ್ಯಾಂಟಮ್ (ಮುಖವಾಡ ತೊಟ್ಟ ಕಾಡಿನ ನಾಯಕ, ಅಮೆರಿಕದಿಂದ ಬಂದ ಕಥೆ) ಬಿಟ್ಟು 80ರ ದಶಕದಿಂದ ಶುರು ಮಾಡಿ. ಆಗ ಅದು ವಾರಕ್ಕೊಂದು ಬರುತ್ತಿತ್ತು, ಹಾಗಾಗಿ ಉಳಿದಿರುವ ಪ್ರತಿಗಳೂ ಜಾಸ್ತಿ, ಬೆಲೆಯೂ ಕಡಿಮೆ. ಬಹಾದೂರ್ ಕಥೆಗಳನ್ನು ಮಾತ್ರ ವಿಶೇಷವಾಗಿ ನೋಡಿ. 1976ರಲ್ಲಿ ಆಬಿದ್ ಸುರತಿ ಸೃಷ್ಟಿಸಿದ ಪಾತ್ರ ಅದು, ಹೊರದೇಶದಿಂದ ತಂದದ್ದಲ್ಲ, ಇಲ್ಲಿಯದ್ದೇ. ಫ್ಯಾಂಟಮ್ ಕಥೆಗಳಲ್ಲೂ ಇಲ್ಲಿನ ಸಂಪಾದಕರ ಕೈ ಕಾಣುತ್ತದೆ, ಮೂಲದ ‘ಬೆಂಗಾಲಿ’ ದೇಶ ಇಲ್ಲಿ ‘ಡೆಂಕಾಲಿ’ ಆಯಿತು, ‘ರಾಮಾ’ ಎಂಬ ಖಳನಾಯಕ ‘ರಾಮಾಲು’ ಆದ. ಇಂಥದ್ದೆಲ್ಲ ಹಳೆಯ ಪ್ರತಿ ಕೈಯಲ್ಲಿ ಹಿಡಿದು ಓದಿದಾಗ ಸಿಗುವ ಖುಷಿ.

ಎಲ್ಲಿ ಸಿಗುತ್ತದೆ? ಚರ್ಚ್ ಸ್ಟ್ರೀಟಿನ ಬ್ಲಾಸಮ್ ಮತ್ತು ಬುಕ್‌ವರ್ಮ್, ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್, ಅವೆನ್ಯೂ ರಸ್ತೆಯ ಹಳೆ ಪುಸ್ತಕದವರು. ಒಂದು ಸಲ ಹೋಗಿ ಸಿಗಲಿಲ್ಲ ಅಂತ ಬಿಡಬೇಡಿ, ಆಗಾಗ ಹೋಗುತ್ತಿರಿ, ಏನು ಬೇಕು ಅಂತ ಹೇಳಿಟ್ಟು ಬನ್ನಿ. ಆದರೆ ಕನ್ನಡದ ಪ್ರತಿಗಳು ಅಂಗಡಿಗಿಂತ ಊರಿನ ಮನೆಗಳಲ್ಲೇ ಜಾಸ್ತಿ ಇರುತ್ತವೆ ಅನ್ನುವುದು ನನ್ನ ಅನುಭವ. ನೆಂಟರ ಮನೆಯ ಅಟ್ಟ, ಮುಚ್ಚಿಹೋದ ಸರ್ಕ್ಯುಲೇಟಿಂಗ್ ಲೈಬ್ರರಿಯವರು, ಊರಿನ ರದ್ದಿ ಅಂಗಡಿ, ಎಲ್ಲ ಕಡೆ ವಿಚಾರಿಸಿ. ಸುಧಾ ವಾರಪತ್ರಿಕೆಯಲ್ಲಿ ಬರುತ್ತಿದ್ದ ಫ್ಯಾಂಟಮ್ ಪುಟಗಳನ್ನು ಕತ್ತರಿಸಿ ಬೈಂಡ್ ಮಾಡಿಸಿಟ್ಟವರೂ ಇದ್ದಾರೆ, ಅದು ಸಿಕ್ಕರಂತೂ ಕಣ್ಣಿಗೆ ಒತ್ತಿಕೊಂಡು ತನ್ನಿ.

ಆನ್‌ಲೈನಿನಲ್ಲಿ ಕೊಳ್ಳುವಾಗ ಮುಖಪುಟದ ಫೋಟೋ ಸಾಲದು. ನಡುವಿನ ಪುಟ, ಪಿನ್ನು, ಹಿಂಬದಿ, ಮೂರನ್ನೂ ಕೇಳಿ. ನಡುವಿನ ಹಾಳೆ ಕಿತ್ತು ಹೋಗಿರುವುದು ತುಂಬಾ ಸಾಮಾನ್ಯ. ಹೆಸರು ಬರೆದಿದ್ದರೆ, ಲೈಬ್ರರಿ ಸೀಲ್ ಇದ್ದರೆ ಬೇಜಾರಾಗಬೇಡಿ, ಕಥೆ ಪೂರ್ತಿ ಇದ್ದರೆ ಸಾಕು, ಅಂಥವೇ ಕಡಿಮೆ ಬೆಲೆಗೆ ಸಿಗುತ್ತವೆ. ಒಂದು ಪ್ರತಿಗೆ ಇಷ್ಟೇ ಅಂತ ಮಿತಿ ಹಾಕಿಕೊಳ್ಳಿ. ನಿಮ್ಮ ಲೆಕ್ಕಕ್ಕೆ 150 ಸರಿ. ದಾಟಿದರೆ ಆ ತಿಂಗಳು ಬಿಟ್ಟುಬಿಡಿ.

ತಂದ ಮೇಲೆ ಸೆಲ್ಲೋಟೇಪ್ ಮುಟ್ಟಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಟೇಪಿನ ಅಂಟು ಕೆಲವು ವರ್ಷಕ್ಕೆ ಕಂದು ಬಣ್ಣಕ್ಕೆ ತಿರುಗಿ ಕಾಗದವನ್ನೇ ತಿನ್ನುತ್ತದೆ. ಪಿವಿಸಿ ಕವರ್ ಬಿಟ್ಟು ಪಾಲಿಪ್ರೊಪಿಲೀನ್ ಕವರ್ ತನ್ನಿ, ಹಿಂದೆ ಆಮ್ಲವಿಲ್ಲದ ರಟ್ಟು ಇಡಿ, ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿ. ನೆಲಕ್ಕೆ, ಹೊರಗಿನ ಗೋಡೆಗೆ ತಾಗಿಸಬೇಡಿ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಕರಾವಳಿ ಅಥವಾ ಮಲೆನಾಡಿನ ಮನೆಗೆ ಒಯ್ದು ಇಡುವುದಾದರೆ ಇದು ಇನ್ನೂ ಮುಖ್ಯ, ತೇವಕ್ಕೆ ಮೊದಲು ಪಿನ್ನು ತುಕ್ಕು ಹಿಡಿಯುತ್ತದೆ, ಆ ಕಲೆ ಪುಟಕ್ಕೆ ಇಳಿಯುತ್ತದೆ, ಹಿಂದೆಯೇ ಬೆಳ್ಳಿಹುಳ ಬರುತ್ತದೆ.

ಮೊದಲ ತಿಂಗಳ 500ರಲ್ಲಿ 150 ಕವರಿಗೂ ರಟ್ಟಿಗೂ ಹಾಕಿ. ಉಳಿದ 350ಕ್ಕೆ 80ರ ದಶಕದ ಇಂದ್ರಜಾಲ ಎರಡೋ ಮೂರೋ ತನ್ನಿ, ಭಾಷೆ ಯಾವುದಾದರೂ ಸರಿ, ಓದಿ ನೋಡಿ. ಒಂದು ನೋಟ್ ಪುಸ್ತಕದಲ್ಲಿ ಸಂಖ್ಯೆ, ಭಾಷೆ, ಕೊಟ್ಟ ಬೆಲೆ, ಎಲ್ಲಿ ಸಿಕ್ಕಿತು ಅಂತ ಬರೆದಿಡಿ. ಕನ್ನಡದ ಪ್ರತಿ ಸಿಕ್ಕರೆ ಇಲ್ಲಿ ಸಂಖ್ಯೆ ಹಾಕಿ ದಯವಿಟ್ಟು ತಿಳಿಸಿ, ನನ್ನ ಪಟ್ಟಿಯಲ್ಲಿ ಇನ್ನೂ ತುಂಬಾ ಖಾಲಿ ಸಾಲುಗಳಿವೆ.